ಮಡುವಿನ ಬೆರ್ಚಪ್ಪ

ಸುಕನ್ಯಾ ಹೊಳೆಗೆ ಬಿಟ್ಟ ಮೀನುಮರಿಗಳು ಸತ್ತದ್ದು ಪ್ರೀತಿಯಿಂದ. ಪಿಎಚ್‌ಡಿ ಪ್ರಬಂಧದಲ್ಲಿ ಹಾಗೆ ಬರೆದಿದ್ದರೆ ಅವಳ ಗೈಡು ಡಾ. ಫಿಲೋಮಿನಾ ಕೆಂಪು ಗೆರೆ ಎಳೆದು, "ಪ್ರೀತಿಯನ್ನು ಯಾವುದರಲ್ಲಿ ಅಳೆದಿ ಮಾರಾಯ್ತಿ?" ಎಂದು ಕೇಳುತ್ತಿದ್ದರು. ಆದರೆ ನಡೆದದ್ದು ಅದೇ.

ಸೀಗೆಹೊಳೆಯ ಮೇಲ್ಭಾಗದ ಗುಂಡಿಗಳಲ್ಲಿ ಅವಳು ಮಹಶೀರ್ ಮರಿಗಳನ್ನು ಬಿಟ್ಟಿದ್ದಳು. ಒಂದೊಂದರ ಬೆನ್ನಿನೊಳಗೂ ಅಕ್ಕಿಕಾಳಿನಷ್ಟು ಚಿಕ್ಕ ಚಿಪ್. ಮರಿ ಹೊಳೆಯಲ್ಲಿ ಎಲ್ಲಿ ತಿರುಗಿದರೂ ಯೂನಿವರ್ಸಿಟಿಯ ಲ್ಯಾಬಿನ ಪರದೆಯ ಮೇಲೆ ಒಂದು ಹಸಿರು ಚುಕ್ಕೆ ಅಲ್ಲಿಗೆ ತಿರುಗುತ್ತಿತ್ತು. ಬಿಟ್ಟ ವಾರದಿಂದಲೇ ಚುಕ್ಕೆಗಳು ಆರತೊಡಗಿದವು. ನೀರುನಾಯಿಯೋ, ರೋಗವೋ ಎಂದು ನೋಡಲು ಹೋದವಳಿಗೆ ಕಂಡದ್ದು ಮೊಣಕಾಲುದ್ದ ನೀರಿನಲ್ಲಿ ನಿಂತ ಒಬ್ಬ ಮನುಷ್ಯ. ಬೀಸುಬಲೆ ಅವನ ಹೆಗಲ ಮೇಲೇ ಇತ್ತು. ಮರಿಗಳು ತಾವಾಗಿಯೇ ಬಂದು ಅವನ ಕಾಲಿಗೆ ಮೂತಿ ತಾಗಿಸುತ್ತಿದ್ದವು. ಅವನು ಟವಲ್ಲಿನಲ್ಲಿ ಬಾಚಿ ಬಾಚಿ ಕೊಡಪಾನಕ್ಕೆ ಹಾಕಿಕೊಳ್ಳುತ್ತಿದ್ದ.

"ಇದೇನ್ ಮೇಡಂ, ನಾಯಿಮರಿ ಬಂದಂಗೆ ಬತ್ತವೆ!" ಎಂದು ಅವನು ನಕ್ಕ. "ಬಲೆ ಬೀಸಕ್ಕೇ ನಾಚ್ಕೆ ಆಯ್ತದೆ."

ಬರದೆ ಏನು ಮಾಡಿಯಾವು? ಅವು ಮಡುವಿನಕೊಪ್ಪದ ದೇವರ ಮೀನಿನ ಸಂತಾನ, ಬಲೆ ಮುಟ್ಟಿಸದೆ ತಂದ ಮೊಟ್ಟೆಗಳಿಂದ ಹುಟ್ಟಿ ಲ್ಯಾಬಿನಲ್ಲಿ ಪುರಿ ತಿಂದು ಬೆಳೆದವು. ಆ ಹೊತ್ತಿಗಾಗಲೇ ಸುತ್ತಿನ ಹೊಳೆಗಳಲ್ಲೆಲ್ಲ ಮಹಶೀರ್ ಮುಗಿದುಹೋಗಿತ್ತು. ಸಿಡಿಮದ್ದು, ಬ್ಲೀಚಿಂಗ್ ಪುಡಿ, ಹೊಳೆಗೊಂದರಂತೆ ಎದ್ದ ಕಿರು ವಿದ್ಯುತ್ ಘಟಕಗಳು, ವರ್ಷವರ್ಷವೂ ಉದ್ದವಾಗುವ ಬೇಸಿಗೆ, ಎಲ್ಲ ಸೇರಿ ಮುಗಿಸಿದ್ದವು. ಉಳಿದದ್ದು ಮಡುವಿನಮ್ಮನ ಗುಡಿಯ ಮುಂದಿನ ಈ ಒಂದು ಮಡುವಿನಲ್ಲಿ. ಕಾನೂನು ಕಾಗದದ ಮೇಲಿತ್ತು, ಕಾಯಲು ಯಾರೂ ಬರುತ್ತಿರಲಿಲ್ಲ. ಕಾಯುತ್ತಿದ್ದದ್ದು ಊರಿನ ಒಂದೇ ಕಟ್ಟಳೆ: ಮಡುವಿನ ನೀರಿಗೆ ಬಲೆ ತಾಕಬಾರದು. ಭಕ್ತರು ಮೆಟ್ಟಿಲಿಳಿದು ಪುರಿ ಎರಚಬೇಕು, ಮೀನು ಕೈಗೆ ಬಂದು ತಿನ್ನಬೇಕು, ತಿಂದರೆ ಹರಕೆ ಸಂದಿತು. ತಲೆತಲಾಂತರದಿಂದ ಮನುಷ್ಯನ ಹೆಜ್ಜೆ ಎಂದರೆ ಪುರಿ ಎಂದಷ್ಟೇ ತಿಳಿದ ಮೀನುಗಳ ಮರಿಗಳನ್ನು ಸುಕನ್ಯಾ ಬಲೆಯವರ ಬಾಯಿಗೆ ಬಿಟ್ಟು ಬಂದಿದ್ದಳು.

ಅವಳು ಅದೇ ಊರಿನವಳು. ಅವಳ ತಾಯಿ ನಿಂಗಾಜಮ್ಮ ಮಡುವಿನ ಮೆಟ್ಟಿಲ ಮೇಲೆ ಪುರಿ ಮಾರುವವಳು. ಬಾಣಲೆಯ ಕಾದ ಮರಳಿನಲ್ಲಿ ಅಕ್ಕಿ ಹುರಿದು, ಜರಡಿಯಲ್ಲಿ ಮರಳು ಇಳಿಸಿ, ಬಿಸಿಯಾರುವ ಮೊದಲೇ ಚೀಲ ತುಂಬಿಕೊಂಡು ಗುಡಿಗೆ ಹೊರಡುತ್ತಿದ್ದಳು. ಮಗಳ ಓದು ನಡೆದದ್ದು ಆ ಪುರಿಯ ಮೇಲೆ. ಮೊದಲ ಹಿಡಿಯನ್ನು ಮಾತ್ರ ನಿಂಗಾಜಮ್ಮ ಮಾರುತ್ತಿರಲಿಲ್ಲ. ಅದು ಮೂಗುತಿಗೆ.

ಮೂಗುತಿ ಮಡುವಿನ ಅತಿ ಹಳೆಯ ಹೆಣ್ಣು ಮೀನು. ಯಾರೋ ಭಕ್ತರು, ಮೈಮೇಲಿನ ಹುಣ್ಣು ಮಾಯ್ದದ್ದಕ್ಕೆ ಹರಕೆಯೆಂದು ಅದರ ಮೂಗಿನ ಹೊಳ್ಳೆಗಳಿಗೆ ಚಿನ್ನದ ತಂತಿಯ ಉಂಗುರ ಹಾಕಿಸಿದ್ದರು. ಗಾಯದ ಮೇಲೆ ಚರ್ಮ ಬೆಳೆದು ಹೊಳ್ಳೆಗಳು ಮುಚ್ಚಿಹೋಗಿ, ಉಂಗುರದ ಅಂಚು ಮಾತ್ರ ಹೊರಗೆ ಹೊಳೆಯುತ್ತಿತ್ತು. ಕಣ್ಣಿಗೂ ಪೊರೆ ಬಂದಿತ್ತು. ನಿಂಗಾಜಮ್ಮ ಮೆಟ್ಟಿಲ ಮೇಲೆ ಕಾಲಿಟ್ಟ ಸದ್ದಿಗೆ ಅದು ತೇಲಿ ಬಂದು ಅಂಗೈಯಿಂದಲೇ ಪುರಿ ಎಳೆದುಕೊಳ್ಳುತ್ತಿತ್ತು. ಸುಕನ್ಯಾ ಹುಟ್ಟುವ ಮೊದಲಿನಿಂದಲೂ ಹಾಗೆಯೇ.

ಮರಿಗಳೆಲ್ಲ ಮುಗಿದ ದಿನ ಸುಕನ್ಯಾ ಮನೆಯಲ್ಲಿ ಊಟಕ್ಕೆ ಕೂತು ತುತ್ತು ಎತ್ತಲಾರದೆ ಹೋದಳು.

"ಅವಕ್ಕೆ ಭಯಾನೇ ಇಲ್ಲ ಕಣವ್ವ. ಭಯ ಇದ್ದಿದ್ರೆ ಬದುಕ್ತಿದ್ವು."

"ಭಯ ಯಾರು ಕಲಿಸ್ತಾರೆ ಮಗ? ಅದು ತಾನಾಗೇ ಬತ್ತದೆ," ಎಂದಳು ನಿಂಗಾಜಮ್ಮ, ಅವಳ ತಟ್ಟೆಗೆ ಇನ್ನಷ್ಟು ಸಾರು ಬಡಿಸುತ್ತ.

ತಾಯಿ ಸುಮ್ಮನೆ ಆಡಿದ ಮಾತನ್ನು ಮಗಳು ಲ್ಯಾಬಿಗೆ ಹೊತ್ತುಕೊಂಡು ಹೋದಳು.

ಗೆಂಡೆ, ಮಹಶೀರ್ ಜಾತಿಯ ಮೀನುಗಳ ಚರ್ಮ ಗೀರಿದರೆ ಒಂದು ರಸ ನೀರಿಗೆ ಸೇರುತ್ತದೆ. ಆ ವಾಸನೆ ಮೂಗಿಗೆ ತಾಗಿದ್ದೇ ಸುತ್ತಲಿನ ಮೀನುಗಳು ದಿಕ್ಕೆಟ್ಟು ತಳಕ್ಕೆ ಧುಮುಕುತ್ತವೆ. ಆ ಗಳಿಗೆಯಲ್ಲಿ ಏನು ಕಂಡಿತೋ, ಏನು ಕೇಳಿಸಿತೋ, ಮುಂದೆ ಅದಕ್ಕೂ ಹೆದರುತ್ತವೆ. ಇಷ್ಟು ಹಳೆಯ ಪಾಠ. ಮೀನು ಕೊಲ್ಲದೆ ಆ ರಸವನ್ನು ಲ್ಯಾಬಿನಲ್ಲೇ ತಯಾರಿಸುವುದು, ಅಸಲಿಗಿಂತ ಹತ್ತು ಪಟ್ಟು ಗಟ್ಟಿಯಾಗಿ ತಯಾರಿಸುವುದು ಫಿಲೋಮಿನಾ ಅವರ ಕೈಚಳಕ. ಅದನ್ನು ಮನುಷ್ಯನ ಹೆಜ್ಜೆ ಸದ್ದಿಗೆ ಗಂಟುಹಾಕಿದರೆ ಏನಾದೀತು? ಇದು ಸುಕನ್ಯಾಳ ಪ್ರಶ್ನೆ.

ತೆಂಗಿನಕಾಯಿ ಗಾತ್ರದ, ನೋಡಲು ಹೊಳೆಯ ಗುಂಡುಕಲ್ಲಿನಂತೆಯೇ ಇರುವ ಒಂದು ಯಂತ್ರ ಸಿದ್ಧವಾಯಿತು. ನೀರಿನ ತಳದಲ್ಲಿ ಕೂತು ಅದು ಆಲಿಸುತ್ತದೆ. ದನದ ಹೆಜ್ಜೆಗೆ, ಕಡವೆಯ ಹೆಜ್ಜೆಗೆ ಸುಮ್ಮನಿರುತ್ತದೆ. ಎರಡು ಕಾಲಿನ ಪ್ರಾಣಿ ನೀರಿಗೋ ನೀರಿನಂಚಿಗೋ ಕಾಲಿಟ್ಟರೆ ಒಂದು ತೊಟ್ಟು ರಸ ಬಿಡುತ್ತದೆ. ಅಷ್ಟೇ. ಹೊಲದಲ್ಲಿ ಹಕ್ಕಿ ಹೆದರಿಸಲು ಹುಲ್ಲು ತುಂಬಿ ನಿಲ್ಲಿಸುವ ಬೆರ್ಚಪ್ಪನ ನೆನಪಾಗಿ ಲ್ಯಾಬಿನವರು ಅದನ್ನೂ ಬೆರ್ಚಪ್ಪ ಎಂದೇ ಕರೆದರು.

ಮೊದಲ ಪ್ರಯೋಗ ಗಾಜಿನ ತೊಟ್ಟಿಯಲ್ಲಿ. ಸುಕನ್ಯಾ ಬರಿಗಾಲಲ್ಲಿ ತೊಟ್ಟಿಯ ಪಕ್ಕದ ಹಲಗೆಯ ಮೇಲೆ ನಡೆದಳು. ಎಂದಿನಂತೆ ಓಡಿ ಬಂದ ಮರಿಗಳು ನಡುದಾರಿಯಲ್ಲೇ ತಿರುಗಿ ಒಂದರ ಮೇಲೊಂದು ಬಿದ್ದು ಮೂಲೆ ಸೇರಿದವು. ಮರುದಿನ ರಸವಿಲ್ಲದೆ ನಡೆದಳು. ಆಗಲೂ ಮೂಲೆ ಸೇರಿದವು. ಏನೂ ಅರಿಯದ ಹೊಸ ಮರಿಗಳನ್ನು ಅವುಗಳ ಜೊತೆ ಬಿಟ್ಟಳು. ಹಳೆಯವು ಬೆಚ್ಚುವುದನ್ನು ನೋಡಿಯೇ ಹೊಸವೂ ಕಲಿತವು. ಎಲ್ಲರೂ ಚಪ್ಪಾಳೆ ತಟ್ಟಿದರು. ತಾನು ಹಾಕಿದ ಪುರಿ ತಿಂದು ಬೆಳೆದ ಮರಿಗಳು ತನ್ನನ್ನು ಕಂಡು ನಡುಗುವುದು ಸುಕನ್ಯಾಳಿಗೆ ಯಾಕೋ ಚುಚ್ಚಿತು.

ಫಿಲೋಮಿನಾ ಮಾತ್ರ ಚಪ್ಪಾಳೆ ನಿಂತ ಮೇಲೆ ಕೇಳಿದರು. "ಕಲಿಸಿದ್ದಾಯ್ತು. ಮರೆಸುವುದು ಹೇಗೆ ಅಂತ ನೋಡಿದ್ದುಂಟಾ?"

"ಯಾಕ್ ಮರೆಸ್ಬೇಕು ಮೇಡಂ?"

"ಅಲ್ಲ, ಕೇಳಿದೆ ಅಷ್ಟೆ. ಕೆಳಗೆ ನಿಮ್ಮ ದೇವರ ಮಡು ಉಂಟಲ್ಲ? ಅಲ್ಲಿಗೆ ಇಳಿದರೆ ಎಂತ ಮಾಡ್ತಿ?"

ಸುಕನ್ಯಾ ಅದಕ್ಕೂ ಲೆಕ್ಕ ಹಾಕಿದ್ದಳು. ಮೇಲಿನ ಗುಂಡಿಗಳಿಗೂ ಮಡುವಿಗೂ ನಡುವೆ ಒಂದು ಹಳೆಯ ಕಟ್ಟೆ. ಅದರ ತೂಬಿಗೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ. ಅಕಸ್ಮಾತ್ ಒಂದೆರಡು ತಪ್ಪಿಸಿಕೊಂಡು ಇಳಿದರೂ ಮಡುವಿನ ಸಾವಿರಾರು ನಿರ್ಭೀತ ಮೀನುಗಳ ನಡುವೆ ಅವುಗಳ ಭಯ ಕರಗಿಹೋಗುತ್ತದೆ ಎಂದು ಕಂಪ್ಯೂಟರ್ ಹೇಳಿತ್ತು.

ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಹೊಸ ಮರಿಗಳನ್ನು ಬಿಟ್ಟರು, ಗುಂಡಿಗೊಂದು ಬೆರ್ಚಪ್ಪ ಕೂರಿಸಿದರು. ಈ ಸಲ ಚುಕ್ಕೆಗಳು ಆರಲಿಲ್ಲ. ಟವಲ್ಲಿನ ಮನುಷ್ಯ ಬಂದ, ಬಲೆ ಬೀಸಿ ಬೀಸಿ ತೋಳು ಸೋತು, "ಏನ್ ಮದ್ದು ಹಾಕಿದ್ರಿ ಮೇಡಂ?" ಎಂದು ಬೈದುಕೊಂಡು ಹೋದ. ಬೇಸಿಗೆಯ ಹೊತ್ತಿಗೆ ಮರಿಗಳು ಮೊಳದುದ್ದ ಬೆಳೆದಿದ್ದವು. ಸುಕನ್ಯಾ ಆ ದಿನಗಳಲ್ಲಿ ಕಂಡಕಂಡವರೊಡನೆ ಮೀನಿನ ಮಾತೇ ಆಡುತ್ತಿದ್ದಳು. ಅವಳ ಬದುಕಿನಲ್ಲಿ ಅಷ್ಟು ಸುಖದ ಕಾಲ ಮತ್ತೆ ಬರಲಿಲ್ಲ.

ಮುಂಗಾರಿನ ಮೊದಲ ಮಳೆಗೆ ಹೊಳೆ ಕೆಂಪಗೆ ಹರಿದು ಬಂದಾಗ ಮಡುವಿನಕೊಪ್ಪದವರು ಹೊಸನೀರು ಕರೆಯುತ್ತಾರೆ. ಕಟ್ಟೆಯ ತೂಬಿನ ಹಲಗೆ ಎತ್ತಿ, ಹೊಸನೀರನ್ನು ಅಮ್ಮನ ಪಾದದವರೆಗೆ ಹರಿಸಬೇಕು. ಮುಂದೆ ಕಳಶ ಹೊತ್ತ ಹೆಂಗಸು, ಹಿಂದೆ ಇಡೀ ಊರು. ಆ ವರ್ಷ ಕಳಶ ನಿಂಗಾಜಮ್ಮನದು. ಎಷ್ಟೋ ವರ್ಷ ಕಾದು ಸಿಕ್ಕ ಸರದಿ. ಸುಕನ್ಯಾ ಲ್ಯಾಬಿಗೆ ರಜೆ ಹಾಕಿ ಬಂದು, ತಾಯಿಗೆ ತಾನೇ ಸೀರೆ ಉಡಿಸಿ, ಪಕ್ಕದಲ್ಲಿ ನಡೆದಳು.

ಕಟ್ಟೆಯ ಬಳಿ ಪೂಜಾರಿ ಕೆಂಪಯ್ಯ ನಿಂತುಬಿಟ್ಟ. "ಇದೇನವ್ವ ತೂಬಿನ ಬಾಯಲ್ಲಿ?"

"ಜಾಲರಿ ಪೂಜಾರಪ್ಪ. ನಮ್ ಕೆಲಸದ್ದು. ನೀರು ಸಲೀಸಾಗಿ ಹೋಯ್ತದೆ."

"ಜಾಲರಿ ಅಂದ್ರೂ ಅದೇಯ, ಬಲೆ ಅಂದ್ರೂ ಅದೇಯ. ಬಲೆ ತಾಕಿದ್ ನೀರ ಅಮ್ಮನ ಪಾದಕ್ಕೆ ಬಿಡಕ್ಕಾಯ್ತದಾ? ನೀನೇ ಹೇಳು, ಈ ಊರ ಮಗಳು."

ಇಡೀ ಊರು ಮಳೆಯಲ್ಲಿ ನಿಂತಿತ್ತು. ನಿಂಗಾಜಮ್ಮನ ತಲೆಯ ಮೇಲೆ ಕಳಶ ಭಾರವಾಗುತ್ತಿತ್ತು. ಅವಳು ಮಗಳ ಮುಖ ನೋಡಿದಳು. ಬೇರೆ ಊರಿನ ಯಾವ ವಿದ್ಯಾರ್ಥಿನಿಯಾಗಿದ್ದರೂ ಜಾಲರಿಗೆ ಅಡ್ಡ ನಿಂತು ವಾದಿಸುತ್ತಿದ್ದಳು, ಪೊಲೀಸರನ್ನಾದರೂ ಕರೆಸುತ್ತಿದ್ದಳು. ಸುಕನ್ಯಾಳಿಗೆ ಆಗಲಿಲ್ಲ. ಬಲೆ ತಾಕಬಾರದು ಎಂಬ ಮಾತು ಅವಳು ಓದು ಕಲಿಯುವ ಮೊದಲೇ ಕಲಿತದ್ದು. ಆ ಒಂದು ಮಾತಿನಿಂದಲೇ ಈ ಮೀನು ಭೂಮಿಯ ಮೇಲೆ ಉಳಿದಿದೆ ಎಂದು ಅವಳೇ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಬರೆದಿದ್ದಳು. ಅವಳು ನೀರಿಗಿಳಿದು ಜಾಲರಿಯ ತಿರುಪುಗಳನ್ನು ತನ್ನ ಕೈಯಾರೆ ಬಿಚ್ಚಿದಳು. ಪೂಜೆ ಮುಗಿದದ್ದೇ ಮತ್ತೆ ಕೂರಿಸಿದಳು. ಅಷ್ಟರೊಳಗೆ ಏನಾದೀತು ಎಂದುಕೊಂಡಳು.

ಮರುದಿನ ಲ್ಯಾಬಿನ ಪರದೆಯ ಮೇಲೆ ಕಟ್ಟೆಯ ಕೆಳಗೆ ಮೂರು ಹಸಿರು ಚುಕ್ಕೆಗಳಿದ್ದವು.

"ಮೂರೇ ತಾನೆ," ಎಂದಳು ಸುಕನ್ಯಾ, ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತ. ಫಿಲೋಮಿನಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಕಂಪ್ಯೂಟರಿನ ಲೆಕ್ಕ ತಪ್ಪಾಗಿರಲಿಲ್ಲ, ಆದರೆ ಅದಕ್ಕೆ ಮಡುವಿನ ಮೆಟ್ಟಿಲು ಗೊತ್ತಿರಲಿಲ್ಲ. ಭಕ್ತರು ಕಾಲಿಟ್ಟೊಡನೆ ಆ ಮೂರು ಬೆಚ್ಚಿ ಓಡಿದವು. ಅವನ್ನು ಕಂಡು ಅಕ್ಕಪಕ್ಕದ ನಾಲ್ಕಾರು ಓಡಿದವು. ಗುಡಿ ಕಟ್ಟಿದ ಕಾಲದ ಒರಟು ಕಲ್ಲಿನ ಮೆಟ್ಟಿಲಿಗೆ ಮೈ ಉಜ್ಜಿ ಚರ್ಮ ಗೀರಿತು. ನೀರಿಗೆ ಸೇರಿದ್ದು ಈ ಸಲ ಲ್ಯಾಬಿನ ರಸವಲ್ಲ, ಅಸಲಿ. ಅದರ ವಾಸನೆಗೆ ಇನ್ನಷ್ಟು ಮೀನು ಬೆದರಿದವು, ಇನ್ನಷ್ಟು ಚರ್ಮ ಗೀರಿತು. ತೊಟ್ಟಿಯ ಗಾಜು ನುಣುಪಾಗಿದ್ದದ್ದರಿಂದ ಇದು ಯಾರ ತಲೆಗೂ ಹೊಳೆದಿರಲಿಲ್ಲ. ಮಡುವೇ ಒಂದು ದೊಡ್ಡ ಬೆರ್ಚಪ್ಪನಾಯಿತು.

ನಿಂಗಾಜಮ್ಮ ಫೋನು ಮಾಡಿದಳು. "ಮಗ, ಪುರಿ ಹಂಗೇ ತೇಲ್ತಾ ಐತೆ. ಒಂದೂ ಬತ್ತಿಲ್ಲ. ಮೂಗುತಿ ಒಂದ್ ಬಿಟ್ರೆ."

ಸುಕನ್ಯಾ ಬಂದು ನೋಡಿದಳು. ಸದಾ ಮೀನುಗಳಿಂದ ಕಪ್ಪಗೆ ಕದಡುತ್ತಿದ್ದ ನೀರು ಖಾಲಿ ಕನ್ನಡಿಯಂತೆ ಬಿದ್ದಿತ್ತು. ಮೀನುಗಳೆಲ್ಲ ಆಚೆ ದಡದ ದೊಡ್ಡ ಬಂಡೆಯ ಕೆಳಗೆ ಒತ್ತೊತ್ತಾಗಿ ಅಡಗಿದ್ದವು. ದೂರದಿಂದ ಬಂದ ಒಬ್ಬ ಹೆಂಗಸು ಮೈಯ ಮೇಲಿನ ತೊನ್ನು ಮರೆಮಾಚುತ್ತ, ಕೈಯಲ್ಲಿ ಪುರಿ ಹಿಡಿದು ಮಧ್ಯಾಹ್ನದವರೆಗೆ ಕಾದಳು. ಆಮೇಲೆ ಪುರಿಯನ್ನು ಮೆಟ್ಟಿಲ ಮೇಲಿಟ್ಟು ಅಳುತ್ತ ಹೋದಳು. ಹೋಗುವವರು ಸುದ್ದಿ ಹೊತ್ತು ಹೋದರು. ಬರುವವರು ಕಡಿಮೆಯಾದರು. ನಿಂಗಾಜಮ್ಮನ ಬಾಣಲೆಯ ಮರಳು ತಣ್ಣಗಾಯಿತು.

ಊರು ಅಮ್ಮನಲ್ಲಿ ಹೂ ಕೇಳಿತು. ಹೂ ಎಡಕ್ಕೆ ಬಿತ್ತು. ಅಮ್ಮ ಮಡು ಬಿಟ್ಟುಹೋದಳು ಎಂದು ಅರ್ಥ ಹೇಳಿದರು. ಸುಕನ್ಯಾಳಿಗೆ ಸುಮ್ಮನಿರಲಾಗಲಿಲ್ಲ. ಗುಡಿಯ ಜಗಲಿಯ ಮೇಲೆ ನಿಂತು ಎಲ್ಲರೆದುರು ಬೆರ್ಚಪ್ಪನ ಕತೆಯನ್ನು ಮೊದಲಿನಿಂದ ಹೇಳಿದಳು. ಅಮ್ಮ ಎಲ್ಲೂ ಹೋಗಿಲ್ಲ, ತಪ್ಪು ನನ್ನದು, ಮೀನುಗಳಿಗೆ ಕಾಲ ಕೊಡಿ, ಮರೆಸುವ ದಾರಿ ಹುಡುಕುತ್ತೇನೆ ಎಂದು ಕೈಮುಗಿದಳು.

ಕೆಂಪಯ್ಯ ಕೆಟ್ಟವನಲ್ಲ, ಮಡುವಿನ ಮುಂದೆಯೇ ಮುದುಕನಾದವನು.

"ನೀನು ಹೇಳಿದ್ದು ನಿಜಾನೇ ಇರ್ಬೋದು ಕಣವ್ವ," ಎಂದ. "ಆದ್ರೆ ಒಂದ್ ತೊಟ್ಟು ನೀರಿಗೆ ಹೆದರ್ಕೊಂಡು ಓಡೋವು ಅಮ್ಮನ ಮೀನು ಅಂತ ನಾನಿನ್ನು ಯಾವ ಬಾಯಲ್ಲಿ ಹೇಳ್ಲಿ? ಅಮ್ಮ ಹೋದ್ಲು ಅಂದಿದ್ರೆ ಮತ್ತೆ ಬಂದಾಳು ಅಂತ ಕಾಯ್ತಿದ್ವು. ನೀನು ಅವಳು ಇರ್ಲೇ ಇಲ್ಲ ಅಂದ್ಬಿಟ್ಟೆ."

ಹಾಗೆ ಹೇಳಿಲ್ಲ ಎಂದು ಸುಕನ್ಯಾ ಎಷ್ಟು ಕೂಗಿದರೂ ಯಾರ ಕಿವಿಗೂ ಹೋಗಲಿಲ್ಲ. ಗುಡಿಯ ಹಿಂದಿನ ಸಾಲಿನಲ್ಲಿ ನಿಂತಿದ್ದವರು ಆಗಲೇ ಮೀನಿನ ತೂಕದ ಮಾತು ಶುರು ಮಾಡಿದ್ದರು. ಗುಡಿಗೆ ಆದಾಯ ನಿಂತಿತ್ತು. ದೇವರ ಮೀನಲ್ಲದ ಮೇಲೆ ಅದು ಬರೀ ಮೀನು. ಪಂಚಾಯ್ತಿಯಲ್ಲಿ ಮಡುವಿನ ಮೀನು ಹಿಡಿಯುವ ಹಕ್ಕು ಹರಾಜಾಯಿತು.

ಅವಳು ತಿರುಗದ ಕಚೇರಿಯಿಲ್ಲ. ಎಲ್ಲ ಕಡೆ ಅರ್ಜಿ ತೆಗೆದುಕೊಂಡರು, ನೋಡುತ್ತೇವೆ ಎಂದರು. ಆ ನಡುವೆಯೇ ಅವಳ ಪ್ರಬಂಧ ಒಪ್ಪಿಗೆಯಾಯಿತು. ಮೇಲಿನ ಗುಂಡಿಗಳ ಫಲಿತಾಂಶ ನೋಡಿ ಪರೀಕ್ಷಕರು ಹೊಗಳಿ ಬರೆದಿದ್ದರು. ಬೇರೆ ರಾಜ್ಯಗಳಿಂದ ಬೆರ್ಚಪ್ಪನಿಗೆ ಬೇಡಿಕೆ ಬಂತು. ಸಿಹಿ ಹಂಚಬೇಕಾದ ದಿನ ಫಿಲೋಮಿನಾ ಅವಳ ಭುಜದ ಮೇಲೆ ಕೈಯಿಟ್ಟು, "ಮರೆಸುವುದಕ್ಕೆ ಇನ್ನೂ ವರ್ಷಗಳು ಬೇಕು ಮಾರಾಯ್ತಿ. ನಮ್ಮ ಹತ್ರ ಅಷ್ಟು ಇಲ್ಲ," ಎಂದರು. ಸುಕನ್ಯಾ ತಲೆಯಾಡಿಸಿದಳು. ಅವಳಿಗೆ ಅಳು ಕೂಡ ಬರಲಿಲ್ಲ.

ಬಲೆ ಹಾಕುವ ದಿನ ಬೆಳಗ್ಗೆ ತಾಯಿ ಮಗಳು ಮಡುವಿಗೆ ಬಂದರು. ಬಂಡೆಯ ಕೆಳಗೆ ಒಂದೇ ಕಡೆ ಅಡಗಿದ ಮೀನುಗಳನ್ನು ಎಳೆಬಲೆಯವರು ಸುತ್ತುವರಿದು ಬಾಚುತ್ತಾರೆ, ಭಯ ಅಲ್ಲಿ ಕೆಲಸಕ್ಕೆ ಬಾರದು ಎಂದು ಸುಕನ್ಯಾಳಿಗೆ ಗೊತ್ತಿತ್ತು. ಅವನ್ನು ಉಳಿಸುವ ದಾರಿ ಉಳಿದಿರಲಿಲ್ಲ. ಅವರು ಬಂದದ್ದು ಮೂಗುತಿಗಾಗಿ. ಅದೊಂದೇ ಬಂಡೆಯ ಕೆಳಗೆ ಅಡಗದೆ ಇಡೀ ಮಡುವಿನಲ್ಲಿ ಒಂಟಿಯಾಗಿ ತಿರುಗುತ್ತಿತ್ತು. ಬಲೆ ಬೀಳುವ ಮೊದಲು ಅದು ತೂಬಿನ ಕೆಳಗಿನ ಕಲ್ಲುಪೊಟರೆ ಸೇರಿದರೆ ಅಲ್ಲಿಗೆ ಬಲೆ ನುಗ್ಗದು.

ನಿಂಗಾಜಮ್ಮ ಮೆಟ್ಟಿಲ ಮೇಲೆ ಕಾಲಿಟ್ಟಳು. ಮೂಗುತಿ ನೇರ ಅವಳ ಕಾಲ ಬಳಿ ಬಂದು ಬಾಯಿ ತೆರೆಯಿತು.

"ಎಲ್ಲಕ್ಕೂ ಕಲಿಸ್ದೆ. ಇದಕ್ಕೂ ಕಲಿಸು ಮಗ," ಎಂದಳು ನಿಂಗಾಜಮ್ಮ. ಅವಳ ದನಿಯಲ್ಲಿ ಕೊಂಕಿರಲಿಲ್ಲ.

ಸುಕನ್ಯಾ ಚೀಲದಿಂದ ಬೆರ್ಚಪ್ಪನನ್ನು ತೆಗೆದು ನೀರೊಳಗಿನ ಮೆಟ್ಟಿಲ ಮೇಲೆ ಕೂರಿಸಿ, ತಾನು ನೀರಿಗೆ ಕಾಲಿಟ್ಟಳು. ರಸ ಬಿಟ್ಟದ್ದು ಅವಳಿಗೆ ಕಂಡಿತು, ಸಣ್ಣ ಗುಳ್ಳೆ ಎದ್ದಿತು. ಮೂಗುತಿ ಬೆಚ್ಚಲಿಲ್ಲ. ಅದು ಬೆರ್ಚಪ್ಪನ ಸುತ್ತ ಒಂದು ಸುತ್ತು ಬಂದು, ಪುರಿ ಉಂಡೆಯಿರಬೇಕೆಂದು ಮೂತಿಯಿಂದ ತಿವಿದು ನೋಡಿತು. ಆಗ ಸುಕನ್ಯಾಳ ಕಣ್ಣು ಆ ಉಂಗುರದ ಮೇಲೆ, ಮುಚ್ಚಿಹೋದ ಹೊಳ್ಳೆಗಳ ಮೇಲೆ ಬಿತ್ತು. ಇದಕ್ಕೆ ವಾಸನೆಯೇ ತಿಳಿಯದು. ಪೊರೆ ಬಂದ ಕಣ್ಣಿಗೆ ಬೇರೆಯವು ಓಡಿದ್ದೂ ಕಂಡಿಲ್ಲ. ಹರಕೆ ಹೊತ್ತವರು ಎಂದೋ ಅದರ ಭಯವನ್ನು ಹೊಲಿದುಬಿಟ್ಟಿದ್ದರು.

"ವಾಸ್ನೆ ಗೊತ್ತಾಗಲ್ಲ ಕಣವ್ವ ಇದಕ್ಕೆ."

"ಹಂಗಾರೆ ಹೊಡಿ."

ಸುಕನ್ಯಾ ಅಂಗೈಯಿಂದ ಅದರ ತಲೆಯ ಮೇಲೆ ಹೊಡೆದಳು. ಮೂಗುತಿ ಸ್ವಲ್ಪ ಹಿಂದೆ ಸರಿದು ಮತ್ತೆ ಬಂತು. ಇನ್ನೂ ಜೋರಾಗಿ ಹೊಡೆದಳು. ಅದು ಬಾಲ ಬಡಿದು ಆಳಕ್ಕೆ ಹೋಯಿತು. ತಾಯಿ ಮಗಳು ಕಾದರು. ಆಮೇಲೆ ನೀರು ಕದಡಿತು. ಅದು ತೇಲಿ ಬಂದು ಹೊಡೆದ ಕೈಯ ಮುಂದೆಯೇ ಬಾಯಿ ತೆರೆಯಿತು. ಅಂದಿನವರೆಗೆ ಆ ಕೈಯಿಂದ ಪುರಿ ಬಿಟ್ಟು ಬೇರೇನೂ ಬಂದದ್ದು ಅದು ಕಂಡಿರಲಿಲ್ಲ. ಸುಕನ್ಯಾ ಹೊಡೆಯುತ್ತಲೇ ಹೋದಳು, ಬೈಯುತ್ತ, ಬೇಡಿಕೊಳ್ಳುತ್ತ, ಕಣ್ಣೀರು ಮೂಗಿನಿಂದ ಇಳಿಯುತ್ತ. ಅದರ ಬೆನ್ನಿನ ಮುಳ್ಳುರೆಕ್ಕೆ ತಾಗಿ ಅವಳ ಅಂಗೈ ಹರಿಯಿತು.

ನಿಂಗಾಜಮ್ಮ ಅವಳ ಕೈ ಹಿಡಿದಳು. "ಸಾಕು ಬಿಡು. ಅದಕ್ಕೆ ಬರಲ್ಲ."

ಆಗ ಮೇಲಿನ ಮೆಟ್ಟಿಲುಗಳ ಮೇಲೆ ಮಾತು ಕೇಳಿಸಿತು. ಬಲೆಯ ಹೊರೆ ಹೊತ್ತವರು ಸಾಲಾಗಿ ಇಳಿದು ಬರುತ್ತಿದ್ದರು. ತಾಯಿ ಮಗಳನ್ನು ಕಂಡು ಮುಜುಗರವಾಗಿ, ಒಬ್ಬರನ್ನೊಬ್ಬರು ನೋಡಿಕೊಂಡು, ಆಚೆ ಬದಿಯಿಂದ ಒಬ್ಬೊಬ್ಬರಾಗಿ ನೀರಿಗಿಳಿದರು. ನೀರೊಳಗಿನ ಬೆರ್ಚಪ್ಪ ಹೆಜ್ಜೆಗಳನ್ನು ಆಲಿಸಿತು. ತನಗೆ ಕಲಿಸಿದಂತೆ ಹೆಜ್ಜೆಗೊಂದು ತೊಟ್ಟು ಬಿಡತೊಡಗಿತು.

ಇಷ್ಟು ಜನ ಮಡುವಿಗೆ ಬಂದು ಬಹಳ ದಿನವಾಗಿತ್ತು. ಮೂಗುತಿ ಸುಕನ್ಯಾಳ ಕೈ ಬಿಟ್ಟು ತಿರುಗಿತು. ಬೆರ್ಚಪ್ಪನನ್ನು ದಾಟಿ, ಬಾಯಿ ತೆರೆದುಕೊಂಡು, ಅವರ ಕಾಲುಗಳ ಕಡೆಗೆ ಹೋಯಿತು.